ಹಸಿರು ಹೈಡ್ರೋಜನ್: ನಾಚಾರಂನಿಂದ ತೋರಣಗಲ್ಲಿನವರೆಗೆ – ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಹೈಡ್ರೋಜನ್ ಬಗ್ಗೆ ಪ್ರಶ್ನೆ ಬಂದರೆ ಬಹುಪಾಲು ಉತ್ತರಪತ್ರಿಕೆಗಳು ಬೂದು, ನೀಲಿ, ಹಸಿರು ಎಂದು ಬಣ್ಣಗಳ ಪಟ್ಟಿ ಕೊಟ್ಟು, ‘ಇದು ಭವಿಷ್ಯದ ಇಂಧನ’ ಎಂದು ಮುಗಿದುಹೋಗುತ್ತವೆ. ಅಂಕ ಇರುವುದು ಅದರ ಮುಂದೆ. ಒಂದು ಕೆಜಿ ಹೈಡ್ರೋಜನ್‌ಗೆ ಎಷ್ಟು ಯೂನಿಟ್ ಕರೆಂಟ್ ಬೇಕು, ಆ ಕರೆಂಟ್ ಎಲ್ಲಿಂದ ಬರುತ್ತದೆ, ಕೊನೆಗೆ ಅದನ್ನು ಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಯಾವ ಪತ್ರಿಕೆಯಲ್ಲಿ ಹೇಗೆ ತಿರುಗಿಸಿ ಕೇಳಿದರೂ ಬರೆಯಬಹುದು. ಈ ಟಿಪ್ಪಣಿಯನ್ನು ಹಾಗೆಯೇ ಹೆಣೆದಿದೆ.

ಹೈದರಾಬಾದಿನ ಕುಷಾಯಿಗೂಡ ಭಾಗದಲ್ಲಿರುವ ಕನ್ನಡದ ಅಭ್ಯರ್ಥಿಗಳಿಗೆ ಈ ವಿಷಯ ದೂರದ್ದಲ್ಲ. 1967ರಲ್ಲಿ ಹುಟ್ಟಿದ ಇಸಿಐಎಲ್, 1971ರ ಪರಮಾಣು ಇಂಧನ ಸಂಕೀರ್ಣ, ಚೆರ್ಲಪಲ್ಲಿ ಮತ್ತು ನಾಚಾರಂ ಕೈಗಾರಿಕಾ ಪ್ರದೇಶಗಳು ಇಲ್ಲಿಯೇ ಸುತ್ತಮುತ್ತ ಇವೆ. ಭಾರತದ ಮೊದಲ ಹೈಡ್ರೋಜನ್ ರೈಲಿನ ಕೆಲಸ ಹಿಡಿದ ಕಂಪನಿ ಇರುವುದೂ ನಾಚಾರಂನಲ್ಲಿ.

ಮೂಲವಲ್ಲ, ವಾಹಕ

ಕಲ್ಲಿದ್ದಲು, ಬಿಸಿಲು, ಗಾಳಿ ಇವು ಶಕ್ತಿಯ ಮೂಲಗಳು. ಹೈಡ್ರೋಜನ್ ಹಾಗಲ್ಲ. ಭೂಮಿಯ ಮೇಲೆ ಅದು ಬಹುಮಟ್ಟಿಗೆ ನೀರಿನಲ್ಲಿ, ನೈಸರ್ಗಿಕ ಅನಿಲದಲ್ಲಿ, ಜೀವರಾಶಿಯಲ್ಲಿ ಬೇರೆ ಧಾತುಗಳ ಜೊತೆ ಕೂಡಿಕೊಂಡಿದೆ. ಬಿಡಿಸಿ ತೆಗೆಯಲು ಮೊದಲು ಶಕ್ತಿ ಹಾಕಬೇಕು. ಹಾಗಾಗಿ ಅದನ್ನು ಶಕ್ತಿಯ ವಾಹಕ ಎಂದು ಬರೆಯಿರಿ. ಇದಕ್ಕೆ ಅಪವಾದ ನೆಲದಡಿಯಲ್ಲಿ ತಾನಾಗಿ ಸಿಗುವ ನೈಸರ್ಗಿಕ ಹೈಡ್ರೋಜನ್. ಆಫ್ರಿಕಾದ ಮಾಲಿ ದೇಶದ ಬುರಾಕೆಬುಗು ಎಂಬಲ್ಲಿ ನೀರಿಗಾಗಿ ಕೊರೆದ ಬಾವಿಯಲ್ಲಿ ಅದು ಸಿಕ್ಕಿತು. ಇದನ್ನು ಬಿಳಿ ಹೈಡ್ರೋಜನ್ ಎನ್ನುತ್ತಾರೆ.

ನೆನಪಿಡಬೇಕಾದ ಗುಣಗಳು:
– 1766ರಲ್ಲಿ ಹೆನ್ರಿ ಕ್ಯಾವೆಂಡಿಶ್ ಇದನ್ನು ಬೇರೆಯೇ ಅನಿಲವೆಂದು ಗುರುತಿಸಿದ. ನೀರಿನ ವಿದ್ಯುದ್ವಿಭಜನೆ ನಡೆದದ್ದು 1800ರಲ್ಲಿ, ನಿಕಲ್ಸನ್ ಮತ್ತು ಕಾರ್ಲೈಲ್ ಅವರಿಂದ. ಇಂಧನ ಕೋಶವನ್ನು 1839ರಲ್ಲಿ ತೋರಿಸಿದವನು ವಿಲಿಯಂ ಗ್ರೋವ್.
– ಒಂದು ಕೆಜಿಯಲ್ಲಿ ಸುಮಾರು 120 ಮೆಗಾಜೂಲ್, ಅಂದರೆ 33 ಯೂನಿಟ್ ಶಕ್ತಿ. ತೂಕಕ್ಕೆ ತೂಕ ಹಿಡಿದರೆ ಪೆಟ್ರೋಲಿನ ಎರಡೂವರೆ ಪಟ್ಟಿಗೂ ಹೆಚ್ಚು. ಗಾತ್ರಕ್ಕೆ ಗಾತ್ರ ಹಿಡಿದರೆ ತೀರಾ ಕಡಿಮೆ. ಅದಕ್ಕೇ 350 ಅಥವಾ 700 ಬಾರ್ ಒತ್ತಡದಲ್ಲಿ ತುಂಬುತ್ತಾರೆ.
– ದ್ರವವಾಗುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಸ್ರೋದ ಎಲ್‌ವಿಎಂ3 ರಾಕೆಟ್‌ನ ಸಿಇ-20 ಕ್ರಯೋಜನಿಕ್ ಎಂಜಿನ್ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕದಿಂದ ಓಡುತ್ತದೆ.
– ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ.

ಬಣ್ಣಗಳ ವಿಷಯ, ಬೇಗ ಮುಗಿಸೋಣ

ನೈಸರ್ಗಿಕ ಅನಿಲವನ್ನು ಹಬೆಯೊಡನೆ ಕಾಯಿಸಿ ತೆಗೆದದ್ದು ಬೂದು. ಕೆಜಿಗೆ ಸುಮಾರು 9ರಿಂದ 12 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನಿಂದಾದರೆ ಕಪ್ಪು ಅಥವಾ ಕಂದು, ಹೊರಸೂಸುವಿಕೆ ಇನ್ನೂ ಹೆಚ್ಚು. ಬೂದು ವಿಧಾನದಲ್ಲಿ ಬಂದ ಇಂಗಾಲವನ್ನು ಹಿಡಿದು ಹೂತಿಟ್ಟರೆ ನೀಲಿ. ಅಣುವಿದ್ಯುತ್ತಿನಿಂದ ನೀರು ಒಡೆದರೆ ಗುಲಾಬಿ. ಬಿಸಿಲು, ಗಾಳಿ, ಜಲವಿದ್ಯುತ್ತಿನಿಂದ ಒಡೆದರೆ ಹಸಿರು. ಭಾರತದ ಕಾನೂನಿಗೆ ಬಣ್ಣಕ್ಕಿಂತ ಅಂಕಿ ಮುಖ್ಯ. 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಒಂದು ಕೆಜಿ ಹೈಡ್ರೋಜನ್‌ಗೆ ಹೊರಸೂಸುವಿಕೆ 2 ಕೆಜಿ ಇಂಗಾಲದ ಡೈಆಕ್ಸೈಡ್ ಸಮಾನವನ್ನು ಮೀರಬಾರದು, ಲೆಕ್ಕ 12 ತಿಂಗಳ ಸರಾಸರಿ. ಈ ಮಾನದಂಡ ವಿದ್ಯುದ್ವಿಭಜನೆಗಷ್ಟೇ ಅಲ್ಲ, ಜೀವರಾಶಿಯಿಂದ ತೆಗೆದದ್ದಕ್ಕೂ ಅನ್ವಯಿಸುತ್ತದೆ. ಪರಿಶೀಲನಾ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಹೊಣೆ ಇಂಧನ ದಕ್ಷತಾ ಬ್ಯೂರೋದ್ದು. ಪ್ರಮಾಣೀಕರಣ ಯೋಜನೆ 2025ರ ಏಪ್ರಿಲ್‌ನಲ್ಲಿ ಬಂತು.

ಒಂದು ಕೆಜಿಯ ಲೆಕ್ಕ

ಇಡೀ ಪಾಠದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವ ಭಾಗ ಇದು. ಒಂದು ಕೆಜಿ ಹೈಡ್ರೋಜನ್ ತೆಗೆಯಲು, ನೀರು ಒಡೆಯುವ ಯಂತ್ರವಾದ ಎಲೆಕ್ಟ್ರೋಲೈಜರ್‌ಗೆ ಸುಮಾರು 50ರಿಂದ 55 ಯೂನಿಟ್ ಕರೆಂಟ್ ಬೇಕು. ನಡುವಿನ 52 ಹಿಡಿಯೋಣ. ಆ ಕೆಜಿಯೊಳಗೆ ಉಳಿಯುವ ಶಕ್ತಿ 33 ಯೂನಿಟ್. ಅದನ್ನು ವಾಹನದ ಇಂಧನ ಕೋಶಕ್ಕೆ ಕೊಟ್ಟರೆ ಅರ್ಧದಷ್ಟು, ಅಂದರೆ 16–17 ಯೂನಿಟ್ ಕರೆಂಟಾಗಿ ಮರಳುತ್ತದೆ. ಒತ್ತಡಕ್ಕೆ ತುಂಬುವ, ಸಾಗಿಸುವ ಖರ್ಚು ಬೇರೆ. ಹಾಕಿದ್ದರಲ್ಲಿ ಕೈಗೆ ಬಂದದ್ದು ಮೂರನೇ ಒಂದು ಭಾಗವೂ ಅಲ್ಲ. ಅದೇ ಕರೆಂಟನ್ನು ಬ್ಯಾಟರಿಗೆ ತುಂಬಿ ಓಡಿಸಿದರೆ ಮುಕ್ಕಾಲು ಪಾಲು ಚಕ್ರಕ್ಕೆ ತಲುಪುತ್ತದೆ.

ಬೆಲೆಯೂ ಇದರಲ್ಲೇ ಅಡಗಿದೆ. ಯೂನಿಟ್‌ಗೆ 4 ರೂಪಾಯಿ ಹಿಡಿದರೆ ಕರೆಂಟಿಗೇ ಕೆಜಿಗೆ 208 ರೂಪಾಯಿ. ಯೂನಿಟ್ ದರ ಒಂದು ರೂಪಾಯಿ ಇಳಿದರೆ ಹೈಡ್ರೋಜನ್ 52 ರೂಪಾಯಿ ಅಗ್ಗ. ಪಾಣಿಪತ್ ಸಂಸ್ಕರಣಾಗಾರಕ್ಕೆ ವರ್ಷಕ್ಕೆ 10,000 ಟನ್ ಪೂರೈಸುವ ಇಂಡಿಯನ್ ಆಯಿಲ್ ಟೆಂಡರ್‌ನಲ್ಲಿ 2025ರಲ್ಲಿ ಬಂದ ದರ ಕೆಜಿಗೆ 397 ರೂಪಾಯಿ; ಗೆದ್ದದ್ದು ಎಲ್ ಆ್ಯಂಡ್ ಟಿ ಗುಂಪಿನ ಕಂಪನಿ. ಬೂದು ಹೈಡ್ರೋಜನ್ ಸುಮಾರು ಇದರ ಅರ್ಧ ಬೆಲೆಗೆ ಸಿಗುತ್ತದೆ. ಎಲೆಕ್ಟ್ರೋಲೈಜರ್ ಅಗ್ಗವಾಗುವುದು ಒಂದು ದಾರಿ; ಅದಕ್ಕಿಂತ ಮುಖ್ಯವಾದದ್ದು ಹಗಲೂ ರಾತ್ರಿ ದೊರೆಯುವ ಅಗ್ಗದ ಹಸಿರು ಕರೆಂಟ್.

ನೀರಿನ ಲೆಕ್ಕವನ್ನೂ ಹಾಕಿಡಿ. ರಾಸಾಯನಿಕ ಸಮೀಕರಣದ ಪ್ರಕಾರ ಕೆಜಿಗೆ 9 ಲೀಟರ್ ನೀರು. ದೇಶದ 2030ರ ಗುರಿಯಾದ ವರ್ಷಕ್ಕೆ 50 ಲಕ್ಷ ಟನ್‌ಗೆ 4,500 ಕೋಟಿ ಲೀಟರ್, ಅಂದರೆ ಸುಮಾರು 1.6 ಟಿಎಂಸಿ ಅಡಿ. ಶುದ್ಧೀಕರಣ, ತಂಪುಗೊಳಿಸುವಿಕೆ ಸೇರಿದರೆ ಇದು ಎರಡು ಮೂರು ಪಟ್ಟಾಗಬಹುದು. ಕೆಆರ್‌ಎಸ್‌ನ 49.45 ಟಿಎಂಸಿ ಸಾಮರ್ಥ್ಯದ ಎದುರು ಇಟ್ಟರೆ ಇಡೀ ದೇಶಕ್ಕೆ ಇದು ದೊಡ್ಡ ಪ್ರಮಾಣವಲ್ಲ. ಆದರೆ ಬಿಸಿಲು ಹೆಚ್ಚಿರುವ ಕಡೆಗಳಲ್ಲೇ ನೀರು ಕಡಿಮೆ. ಪಾವಗಡ, ಬಳ್ಳಾರಿ, ಕರ್ನೂಲು ಕಡೆಯ ರೈತನ ಪಾಲಿನ ನೀರಿಗೆ ಕೈಹಾಕದೆ ಘಟಕ ನಡೆಸುವುದು ಹೇಗೆ ಎಂಬ ಪ್ರಶ್ನೆಯನ್ನು ಮುಖ್ಯ ಪರೀಕ್ಷೆಯ ಉತ್ತರದಲ್ಲಿ ಎತ್ತಲೇಬೇಕು.

ಎಲೆಕ್ಟ್ರೋಲೈಜರ್ ವಿಧಗಳು

ಕ್ಷಾರೀಯ ಬಗೆ ಹಳೆಯದು, ಅಗ್ಗ; ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ನಿಕಲ್ ವಿದ್ಯುದ್ವಾರ. ಪಿಇಎಂ ಬಗೆಯಲ್ಲಿ ಪಾಲಿಮರ್ ಪೊರೆ ಇರುತ್ತದೆ. ಏರಿಳಿಯುವ ಸೌರ ವಿದ್ಯುತ್ತಿಗೆ ಬೇಗ ಹೊಂದಿಕೊಳ್ಳುತ್ತದೆ, ಆದರೆ ಇರಿಡಿಯಂ, ಪ್ಲಾಟಿನಂನಂಥ ದುಬಾರಿ ಲೋಹ ಬೇಕು. ಘನ ಆಕ್ಸೈಡ್ ಬಗೆ 700 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕೆಲಸ ಮಾಡುತ್ತದೆ, ಕರೆಂಟ್ ಕಡಿಮೆ ಬೇಡುತ್ತದೆ. ಎಇಎಂ (ಋಣ ಅಯಾನು ವಿನಿಮಯ ಪೊರೆ) ಹೊಸದು, 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಜೋರ್ಹಾಟ್‌ನಲ್ಲಿ ಆಯಿಲ್ ಇಂಡಿಯಾ ಶುರುಮಾಡಿದ ದಿನಕ್ಕೆ 10 ಕೆಜಿಯ ಪ್ರಾಯೋಗಿಕ ಘಟಕ ಈ ಬಗೆಯದು. ಮಧ್ಯಪ್ರದೇಶದ ವಿಜಯಪುರದಲ್ಲಿ ಗೇಲ್ 2024ರಲ್ಲಿ ಶುರುಮಾಡಿದ 10 ಮೆಗಾವಾಟ್ ಘಟಕ ಪಿಇಎಂ.

ಹಳೆಯ ಸಂಗತಿಯೊಂದು, ಪ್ರಶ್ನೆಯಾಗಿ ಬರಬಹುದಾದದ್ದು: ಭಾರತಕ್ಕೆ ಈ ವಿದ್ಯೆ ಹೊಸದಲ್ಲ. ಭಾಕ್ರಾ ಅಣೆಕಟ್ಟಿನ ಜಲವಿದ್ಯುತ್ತಿನಿಂದ ನೀರು ಒಡೆದು, ಆ ಹೈಡ್ರೋಜನ್‌ನಿಂದ ಪಂಜಾಬಿನ ನಂಗಲ್‌ನಲ್ಲಿ ರಸಗೊಬ್ಬರ ತಯಾರಿಸುತ್ತಿದ್ದರು. ದೇಶದ ಮೊದಲ ಭಾರಜಲ ಘಟಕ 1962ರಲ್ಲಿ ಅದರ ಪಕ್ಕದಲ್ಲೇ ಎದ್ದಿತು. ಇಂದಿನ ಅಳತೆಯಲ್ಲಿ ಅದು ಹಸಿರು ಹೈಡ್ರೋಜನ್ನೇ. ಮುಂದೆ ಅಲ್ಲಿ ತೈಲಾಧಾರಿತ ವಿಧಾನ ಬಂದು ಈ ಪದ್ಧತಿ ಹಿಂದೆ ಸರಿಯಿತು.

ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನ

– ಘೋಷಣೆ: 15 ಆಗಸ್ಟ್ 2021. ಸಂಪುಟದ ಒಪ್ಪಿಗೆ: 4 ಜನವರಿ 2023. ಹೊಣೆ: ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ.
– ಮೊತ್ತ: 19,744 ಕೋಟಿ ರೂ. ಇದರಲ್ಲಿ ‘ಸೈಟ್’ ಎಂಬ ಪ್ರೋತ್ಸಾಹಧನ ಯೋಜನೆಗೆ 17,490 ಕೋಟಿ, ಪ್ರಾಯೋಗಿಕ ಯೋಜನೆಗಳಿಗೆ 1,466 ಕೋಟಿ, ಸಂಶೋಧನೆಗೆ 400 ಕೋಟಿ, ಉಳಿದದ್ದಕ್ಕೆ 388 ಕೋಟಿ.
– 2030ರ ಗುರಿ: ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್, ಅದಕ್ಕೆಂದೇ 125 ಗಿಗಾವಾಟ್ ನವೀಕರಿಸಬಹುದಾದ ವಿದ್ಯುತ್, 8 ಲಕ್ಷ ಕೋಟಿ ರೂ. ಹೂಡಿಕೆ, 6 ಲಕ್ಷ ಉದ್ಯೋಗ, ವರ್ಷಕ್ಕೆ 5 ಕೋಟಿ ಟನ್ ಹೊರಸೂಸುವಿಕೆ ಕಡಿತ.
– ‘ಸೈಟ್’ ಪ್ರೋತ್ಸಾಹಧನ: ಹೈಡ್ರೋಜನ್ ಉತ್ಪಾದಕರಿಗೆ ಕೆಜಿಗೆ ಮೊದಲ ವರ್ಷ ಗರಿಷ್ಠ 50, ಎರಡನೇ ವರ್ಷ 40, ಮೂರನೇ ವರ್ಷ 30 ರೂ. ಎಲೆಕ್ಟ್ರೋಲೈಜರ್ ತಯಾರಕರಿಗೆ ಮೊದಲ ವರ್ಷ ಕಿಲೋವಾಟ್‌ಗೆ 4,440 ರೂ., ಮುಂದೆ ಇಳಿಕೆ.
– ಹಂಚಿಕೆ: ವರ್ಷಕ್ಕೆ 3,000 ಮೆಗಾವಾಟ್ ಎಲೆಕ್ಟ್ರೋಲೈಜರ್ ತಯಾರಿಕೆ, 8.62 ಲಕ್ಷ ಟನ್ ಹೈಡ್ರೋಜನ್ ಉತ್ಪಾದನೆ.
– ಹಸಿರು ಹೈಡ್ರೋಜನ್ ಕೇಂದ್ರಗಳೆಂದು 2025ರ ಅಕ್ಟೋಬರ್‌ನಲ್ಲಿ ಗುರುತಿಸಿದ ಬಂದರುಗಳು: ಕಾಂಡ್ಲಾದ ದೀನದಯಾಳ್, ತೂತುಕುಡಿಯ ವ.ಉ. ಚಿದಂಬರನಾರ್, ಒಡಿಶಾದ ಪಾರಾದೀಪ್.

125 ಗಿಗಾವಾಟ್ ಎಲ್ಲಿಂದ ಬಂತೆಂದು ಸ್ವತಃ ಲೆಕ್ಕ ಹಾಕಿ ನೋಡಿ. 50 ಲಕ್ಷ ಟನ್‌ಗೆ ಕೆಜಿಗೆ 50 ಯೂನಿಟ್‌ನಂತೆ 25,000 ಕೋಟಿ ಯೂನಿಟ್ ಬೇಕು. 125 ಗಿಗಾವಾಟ್ ಸೌರ, ಪವನ ಘಟಕಗಳು ವರ್ಷಪೂರ್ತಿ ಸಾಮರ್ಥ್ಯದ ಶೇ. 23ರಷ್ಟು ಓಡಿದರೆ ಸರಿಸುಮಾರು ಅಷ್ಟೇ ಸಿಗುತ್ತದೆ. ಹೀಗೆ ಅಂಕಿಗೆ ಅಂಕಿ ಕೂಡಿಸಿ ಕಲಿತದ್ದು ಮರೆಯುವುದಿಲ್ಲ.

ಗುರಿ ಮತ್ತು ವಾಸ್ತವದ ನಡುವಿನ ಅಂತರವನ್ನು ಮುಚ್ಚಿಡಬಾರದು. 2025ರ ಕೊನೆಯ ಹೊತ್ತಿಗೆ ಸಚಿವಾಲಯದ ಕಡೆಯಿಂದಲೇ ಬಂದ ಅಂದಾಜು: 2030ಕ್ಕೆ 30 ಲಕ್ಷ ಟನ್, 50 ಲಕ್ಷ ಮುಟ್ಟುವುದು 2032ರ ಸುಮಾರಿಗೆ. ಕಾರಣ ತಂತ್ರಜ್ಞಾನದ ಕೊರತೆಗಿಂತ ಕೊಳ್ಳುವವರ ಕೊರತೆ. ದೀರ್ಘಾವಧಿ ಖರೀದಿ ಒಪ್ಪಂದ ಕೈಯಲ್ಲಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಸಾಲವಿಲ್ಲದೆ ಘಟಕ ಏಳುವುದಿಲ್ಲ.

ಹೈದರಾಬಾದಿನ ಪಾಲು

ಹರಿಯಾಣದ ಜಿಂದ್–ಸೋನಿಪತ್ ನಡುವಿನ 89 ಕಿ.ಮೀ. ಮಾರ್ಗಕ್ಕೆಂದು ರೂಪುಗೊಂಡದ್ದು ದೇಶದ ಮೊದಲ ಹೈಡ್ರೋಜನ್ ರೈಲು. ಡೀಸೆಲ್ ಪವರ್ ಕಾರುಗಳನ್ನು ಇಂಧನ ಕೋಶಕ್ಕೆ ಬದಲಾಯಿಸುವ ಗುತ್ತಿಗೆ ನಾಚಾರಂನ ಮೇಧಾ ಸರ್ವೋ ಡ್ರೈವ್ಸ್ ಕಂಪನಿಗೆ ಸಿಕ್ಕಿತು. ಯೋಜನೆಯ ವೆಚ್ಚ, ನೆಲದ ಮೇಲಿನ ಸೌಕರ್ಯವೂ ಸೇರಿ, 111.83 ಕೋಟಿ ರೂ. ಮೇಧಾಕ್ಕೆ 100 ಕಿಲೋವಾಟ್‌ನ ಎಂಟು ಇಂಧನ ಕೋಶ ಘಟಕಗಳನ್ನು ಕೊಡುವುದಾಗಿ ಕೆನಡಾದ ಬ್ಯಾಲಾರ್ಡ್ 2022ರಲ್ಲಿ ಪ್ರಕಟಿಸಿತು. ಅಂದರೆ ಜೋಡಣೆ, ನಿಯಂತ್ರಣ, ಮೋಟಾರು ನಮ್ಮದು. ಕೋಶದ ಹೃದಯಭಾಗ ಹೊರಗಿನದು. ದೇಶೀ ತಯಾರಿಕೆಯ ಪ್ರಶ್ನೆ ಬಂದಾಗ ಈ ಉದಾಹರಣೆ ಉಪಯೋಗಕ್ಕೆ ಬರುತ್ತದೆ. 2025ರ ಜುಲೈನಲ್ಲಿ ಚೆನ್ನೈನ ರೈಲು ಬೋಗಿ ಕಾರ್ಖಾನೆ ಐಸಿಎಫ್‌ನಲ್ಲಿ ಮೊದಲ ಪವರ್ ಕಾರಿನ ಪರೀಕ್ಷೆ ಯಶಸ್ವಿಯಾಯಿತು. ಎರಡು ಪವರ್ ಕಾರು, ಎಂಟು ಪ್ರಯಾಣಿಕ ಬೋಗಿ ಸೇರಿ ಹತ್ತು ಬೋಗಿಯ ರೈಲು ಇದು. ‘ಹೈಡ್ರೋಜನ್ ಫಾರ್ ಹೆರಿಟೇಜ್’ ಯೋಜನೆಯಡಿ ಪಾರಂಪರಿಕ ಮತ್ತು ಗುಡ್ಡಗಾಡು ಮಾರ್ಗಗಳಿಗೆ 35 ರೈಲು, ಒಂದಕ್ಕೆ ಅಂದಾಜು 80 ಕೋಟಿ ರೂ., ಮಾರ್ಗವೊಂದರ ಸೌಕರ್ಯಕ್ಕೆ 70 ಕೋಟಿ. ಜರ್ಮನಿಯ ಬ್ರೆಮರ್‌ಫೋರ್ಡೆಯಲ್ಲಿ 2022ರಲ್ಲೇ 14 ಹೈಡ್ರೋಜನ್ ರೈಲುಗಳ ಸೇವೆ ಆರಂಭವಾಗಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಭಾರತದ ಬ್ರಾಡ್‌ಗೇಜ್ ಜಾಲದ ಶೇ. 98ಕ್ಕೂ ಹೆಚ್ಚು ಭಾಗ ವಿದ್ಯುದೀಕರಣಗೊಂಡಿದೆ. ತಂತಿ ಇರುವ ಕಡೆ ಹೈಡ್ರೋಜನ್ ರೈಲಿಗೆ ಕೆಲಸವಿಲ್ಲ. ತಂತಿ ಎಳೆಯಲಾಗದ ಬೆಟ್ಟದ ಹಾದಿಗಳಿಗೆ, ತಂತ್ರಜ್ಞಾನ ಕೈವಶ ಮಾಡಿಕೊಳ್ಳುವುದಕ್ಕೆ ಈ ರೈಲು ಬೇಕು.

ಬಸ್ಸಿನ ವಿಷಯಕ್ಕೂ ಇದೇ ತರ್ಕ. ಹೈದರಾಬಾದಿನ ಒಲೆಕ್ಟ್ರಾ ಗ್ರೀನ್‌ಟೆಕ್ 2023ರ ಫೆಬ್ರುವರಿಯಲ್ಲಿ ರಿಲಯನ್ಸ್ ಜೊತೆಗೂಡಿ 12 ಮೀಟರ್ ಉದ್ದದ ಹೈಡ್ರೋಜನ್ ಬಸ್ ತೋರಿಸಿತು. ಒಮ್ಮೆ ತುಂಬಿದರೆ 400 ಕಿ.ಮೀ. ಎಂದು ಹೇಳಿತು. ಕುಷಾಯಿಗೂಡ ಡಿಪೋದಿಂದ ಹೊರಟು ಸಂಜೆಗೆ ಮರಳುವ ನಗರದ ಬಸ್ಸಿಗೆ ಬ್ಯಾಟರಿಯೇ ಸಾಕು, ಅದೇ ಅಗ್ಗ. ಹೈದರಾಬಾದ್–ಬೆಂಗಳೂರಿನಂಥ ದೂರದ ಬಸ್ಸು, ಭಾರದ ಲಾರಿ ಇವುಗಳಲ್ಲಿ ಹೈಡ್ರೋಜನ್ ಪರೀಕ್ಷಿಸಲು ಅರ್ಥವಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಒಪ್ಪಿದ ಐದು ಪ್ರಾಯೋಗಿಕ ಯೋಜನೆಗಳಲ್ಲಿ 37 ಬಸ್ಸು–ಲಾರಿ, 9 ಇಂಧನ ಕೇಂದ್ರ, 10 ಮಾರ್ಗ, ಸುಮಾರು 208 ಕೋಟಿ ರೂ. ನೆರವು ಇದೆ. 37ರಲ್ಲಿ 15 ಇಂಧನ ಕೋಶದವು, 22 ಹೈಡ್ರೋಜನನ್ನು ಎಂಜಿನ್ನಿನಲ್ಲೇ ಉರಿಸುವವು. ಲೇಹ್‌ನಲ್ಲಿ ಎನ್‌ಟಿಪಿಸಿಯ ಐದು ಹೈಡ್ರೋಜನ್ ಬಸ್ಸುಗಳಿವೆ.

ನಗರದ ಇನ್ನಷ್ಟು ಹೆಸರುಗಳು: ಬಾಲಾಪುರದಲ್ಲಿ ಮುಖ್ಯ ಕೇಂದ್ರವಿರುವ ಸಂಶೋಧನಾ ಸಂಸ್ಥೆ ಎಆರ್‌ಸಿಐ, ಅದರ ಇಂಧನ ಕೋಶ ವಿಭಾಗ ಮಾತ್ರ ಚೆನ್ನೈನಲ್ಲಿದೆ. ಗ್ರೀನ್‌ಕೋ ಸ್ಥಾಪಕರ ಎಎಂ ಗ್ರೀನ್, ಕಾಕಿನಾಡದಲ್ಲಿ ವರ್ಷಕ್ಕೆ 10 ಲಕ್ಷ ಟನ್ ಹಸಿರು ಅಮೋನಿಯಾ ಘಟಕಕ್ಕೆ 2024ರ ಆಗಸ್ಟ್‌ನಲ್ಲಿ ಅಂತಿಮ ಹೂಡಿಕೆ ನಿರ್ಧಾರ ಮಾಡಿತು. ರಾತ್ರಿಯ ಕರೆಂಟಿಗೆ ಪಿನ್ನಾಪುರಂನ 1,680 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಘಟಕದಂಥವು ಆಸರೆ. ಆಂಧ್ರದ ಪೂಡಿಮಡಕದಲ್ಲಿ ಎನ್‌ಟಿಪಿಸಿಯ ಹಸಿರು ಹೈಡ್ರೋಜನ್ ಹಬ್‌ಗೆ 8 ಜನವರಿ 2025ರಂದು ಶಂಕುಸ್ಥಾಪನೆ. ಗುರಿ ದಿನಕ್ಕೆ 1,500 ಟನ್.

ಪರಮಾಣು ಇಂಧನ ಸಂಕೀರ್ಣದ ನಂಟು ಬೇರೆ ಬಗೆಯದು. ಅಲ್ಲಿ ತಯಾರಾಗುವ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು ರಿಯಾಕ್ಟರಿನೊಳಗೆ ವರ್ಷಗಟ್ಟಲೆ ಇದ್ದು ಹೈಡ್ರೋಜನ್ ಹೀರಿಕೊಂಡರೆ ಪೆಡಸಾಗಿ ಬಿರುಕುಬಿಡಬಹುದು. ಹಲವು ಬಗೆಯ ಉಕ್ಕಿಗೂ ಇದೇ ತೊಂದರೆ. ಹಳೆಯ ಅನಿಲ ಪೈಪುಗಳಲ್ಲಿ ಹೈಡ್ರೋಜನ್ ಬಿಡಲು ಎಂಜಿನಿಯರುಗಳು ಹಿಂದೇಟು ಹಾಕುವುದು ಇದಕ್ಕೇ.

ಕರ್ನಾಟಕ

ತೋರಣಗಲ್ಲಿನ ವಿಜಯನಗರ ಉಕ್ಕು ಸ್ಥಾವರದಲ್ಲಿ ಜೆಎಸ್‌ಡಬ್ಲ್ಯು ಎನರ್ಜಿ 2025ರ ನವೆಂಬರ್‌ನಲ್ಲಿ ಚಾಲನೆಗೆ ತಂದ 25 ಮೆಗಾವಾಟ್ ಘಟಕವನ್ನು ಚೆನ್ನಾಗಿ ಓದಿಕೊಳ್ಳಿ. ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್, 30,000 ಟನ್ ಆಮ್ಲಜನಕ, ಎರಡೂ ಪಕ್ಕದ ಡಿಆರ್‌ಐ (ಅದಿರನ್ನು ನೇರವಾಗಿ ಕಬ್ಬಿಣವಾಗಿಸುವ) ಘಟಕಕ್ಕೆ; ಖರೀದಿ ಒಪ್ಪಂದ 7 ವರ್ಷದ್ದು. ಅದಿರಿನಿಂದ ಆಮ್ಲಜನಕವನ್ನು ಕಲ್ಲಿದ್ದಲಿನ ಬದಲು ಹೈಡ್ರೋಜನ್ ಕಿತ್ತರೆ ಹೊರಬರುವುದು ನೀರಿನ ಹಬೆ. ಸಮೀಕರಣದ ಪ್ರಕಾರ ಒಂದು ಟನ್ ಕಬ್ಬಿಣಕ್ಕೆ 54 ಕೆಜಿ ಹೈಡ್ರೋಜನ್ ಬೇಕು. 3,800 ಟನ್‌ನಿಂದ ಸುಮಾರು 70,000 ಟನ್ ಕಬ್ಬಿಣ. ಸ್ಥಾವರದ ಸಾಮರ್ಥ್ಯವೋ ವರ್ಷಕ್ಕೆ ಒಂದೂವರೆ ಕೋಟಿ ಟನ್‌ಗೂ ಮೇಲೆ. ಪಾಲು ಶೇ. 0.5ಕ್ಕಿಂತ ಕಡಿಮೆ. ಹಾಗಿದ್ದೂ ಇದನ್ನು ನಾನು ರಾಜ್ಯದ ಅತಿ ಮುಖ್ಯ ಹೈಡ್ರೋಜನ್ ಯೋಜನೆ ಎನ್ನುತ್ತೇನೆ: ತಯಾರಕ, ಖರೀದಿದಾರ, ಬಳಕೆಯ ಜಾಗ ಮೂರೂ ಒಂದೇ ಬೇಲಿಯೊಳಗಿವೆ, ಸಾಗಣೆಯ ಖರ್ಚೇ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯೊಡನೆ ಅನಿಲವಾಗಿಸಿ ಹೈಡ್ರೋಜನ್ ತೆಗೆಯುವ ವಿಧಾನ ರೂಪಿಸಿದೆ. ಒಂದು ಕೆಜಿ ಜೀವರಾಶಿಯಲ್ಲಿ ಇರುವುದು 60 ಗ್ರಾಂ ಹೈಡ್ರೋಜನ್, ಸಿಗುವುದು 100 ಗ್ರಾಂ. ಹೆಚ್ಚುವರಿ ಭಾಗ ಹಬೆಯಿಂದ ಬಂದದ್ದು. ಕೃಷಿ ತ್ಯಾಜ್ಯ ಹೇರಳವಾಗಿರುವ ಜಿಲ್ಲೆಗಳಿಗೆ ಇದು ನೀರು ಒಡೆಯುವುದಕ್ಕಿಂತ ಹತ್ತಿರದ ದಾರಿ. ಓಮಿಯಂ ಕಂಪನಿಯ ಪಿಇಎಂ ಎಲೆಕ್ಟ್ರೋಲೈಜರ್ ಕಾರ್ಖಾನೆ 2021ರಿಂದ ಬೆಂಗಳೂರಿನಲ್ಲಿದೆ. 1 ಜನವರಿ 2024ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ಪೊಯೆಮ್-3 ವೇದಿಕೆಯಲ್ಲಿ ಇಸ್ರೋ ಇಂಧನ ಕೋಶವನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸಿತು.

ಅಮೋನಿಯಾ: ಭರವಸೆ ಇಲ್ಲಿದೆ

ಭಾರತದಲ್ಲಿ ಇಂದು ಬಳಕೆಯಾಗುವ ಹೈಡ್ರೋಜನ್ನಿನ ಬಹುಪಾಲು ತೈಲ ಸಂಸ್ಕರಣಾಗಾರ ಮತ್ತು ರಸಗೊಬ್ಬರ ಕಾರ್ಖಾನೆಗಳದ್ದು. ಇಲ್ಲಿ ಗ್ರಾಹಕನನ್ನು ಹೊಸದಾಗಿ ಹುಡುಕಬೇಕಿಲ್ಲ. ಬೂದು ತೆಗೆದು ಹಸಿರು ಹಾಕಿದರಾಯಿತು. ಅಮೋನಿಯಾದ ತೂಕದಲ್ಲಿ ಶೇ. 17.6 ಹೈಡ್ರೋಜನ್, ಸಾಗಿಸುವುದೂ ಸುಲಭ. 2025ರಲ್ಲಿ ಸೌರಶಕ್ತಿ ನಿಗಮ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾಕ್ಕೆ ಹರಾಜು ಕರೆದಾಗ, ಪಾರಾದೀಪ್ ಫಾಸ್ಫೇಟ್ಸ್‌ನ 75,000 ಟನ್‌ಗೆ ಕೆಜಿಗೆ 55.75 ರೂ. ದರ ಬಂತು, ಒಪ್ಪಂದ 10 ವರ್ಷದ್ದು. ಆಮದು ಅಮೋನಿಯಾದ ಬೆಲೆ ಏರುಪೇರಾಗುತ್ತಿರುವಾಗ ಹತ್ತು ವರ್ಷ ಕದಲದ ದರ ಸಿಗುವುದು ದೊಡ್ಡ ಸಂಗತಿ. ಬಸ್ಸು, ರೈಲಿನ ಚಿತ್ರಗಳಿಗಿಂತ ಈ ಹರಾಜಿಗೆ ಹೆಚ್ಚು ತೂಕ ಕೊಟ್ಟು ಬರೆಯಿರಿ.

ಜಗತ್ತು, ಎರಡೇ ಮಾತಿನಲ್ಲಿ

2024ರಲ್ಲಿ ಜಾಗತಿಕ ಬೇಡಿಕೆ ಸುಮಾರು 10 ಕೋಟಿ ಟನ್. ಕಡಿಮೆ ಹೊರಸೂಸುವಿಕೆಯ ಪಾಲು ಶೇ. 1ಕ್ಕಿಂತ ಕಡಿಮೆ. ಎಲೆಕ್ಟ್ರೋಲೈಜರ್‌ಗಳಲ್ಲಿ ಚೀನಾ ಮುಂದೆ, ಷಿಂಜಿಯಾಂಗ್‌ನ ಕುಚಾದಲ್ಲಿ ಸಿನೋಪೆಕ್‌ನ 260 ಮೆಗಾವಾಟ್ ಘಟಕ 2023ರಲ್ಲಿ ಶುರುವಾಯಿತು. ಸೌದಿಯ ನಿಯೋಮ್‌ನಲ್ಲಿ ಕಟ್ಟುತ್ತಿರುವುದು 2.2 ಗಿಗಾವಾಟ್‌ನದು. ಸೋರಿಹೋದ ಹೈಡ್ರೋಜನ್ ಪರೋಕ್ಷವಾಗಿ ತಾಪಮಾನ ಏರಿಸುತ್ತದೆ. ನೂರು ವರ್ಷದ ಅವಧಿಗೆ ಅದರ ಪರಿಣಾಮ ಇಂಗಾಲದ ಡೈಆಕ್ಸೈಡ್‌ನ ಸುಮಾರು 11–12 ಪಟ್ಟು ಎಂದು 2023ರ ಅಧ್ಯಯನವೊಂದು ಅಂದಾಜಿಸಿದೆ.

ಹತ್ತು ಅಂಕದ ಪ್ರಶ್ನೆಗೆ ಬರೆಯುವಾಗ ಬಣ್ಣಗಳಿಗೆ ಎರಡು ಸಾಲು, 52–33–17ರ ಲೆಕ್ಕಕ್ಕೆ ಮೂರು ಸಾಲು, ಅಭಿಯಾನದ ಅಂಕಿಗಳಿಗೆ ಒಂದು ಪ್ಯಾರಾ ಕೊಡಿ. ಉಳಿದ ಜಾಗ ತೋರಣಗಲ್ಲು ಮತ್ತು ಅಮೋನಿಯಾ ಹರಾಜಿಗೆ ಇರಲಿ. ದರ, ಹಂಚಿಕೆ, ಗುರಿಯ ವರ್ಷ ಇವು ಬದಲಾಗುತ್ತಲೇ ಇರುತ್ತವೆ. ಪರೀಕ್ಷೆಯ ಹಿಂದಿನ ವಾರ ಸಚಿವಾಲಯದ ಹೊಸ ಅಂಕಿಗಳೊಡನೆ ಈ ಟಿಪ್ಪಣಿಯನ್ನು ಒಮ್ಮೆ ತಾಳೆ ನೋಡಿಕೊಳ್ಳಿ.